ಕಿತಾಬ್-ಎ-ನವರಸದ ಕೊನೆಯ ರೂಪ: ಬಿಜಾಪುರದ ಆಸ್ಥಾನದಲ್ಲಿ ಬದಲಾದ ಕಲಾವಿದರ ಬಳಗ

1. ಪೀಠಿಕೆ

ದಖನಿನ ಸಾಂಸ್ಕೃತಿಕ ಚರಿತ್ರೆಯಲ್ಲಿ ಆದಿಲ್‌ಶಾಹಿ ಮನೆತನದ ಎರಡನೆಯ ಇಬ್ರಾಹಿಮನ ಆಳಿಕೆ (1580–1627) ವಿಶಿಷ್ಟವಾದ ಕಾಲಘಟ್ಟ. ಕಲೆ, ಸಾಹಿತ್ಯ, ವಾಸ್ತುಶಿಲ್ಪ ಮತ್ತು ಸಂಗೀತಗಳಿಗೆ ಈ ಕಾಲದಲ್ಲಿ ದೊರೆತ ಆಶ್ರಯವನ್ನು ಇತಿಹಾಸಕಾರರು ಬಹುವಾಗಿ ಪ್ರಶಂಸಿಸಿದ್ದಾರೆ. ಪ್ರಜೆಗಳು ಈ ಅರಸನನ್ನು ‘ಜಗದ್ಗುರು’ ಎಂದು ಕರೆದುದು ಸುಪ್ರಸಿದ್ಧ. ಅವನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕೃತಿ ‘ಕಿತಾಬ್-ಎ-ನವರಸ’. ದಖನಿ ಭಾಷೆಯ ಹಾಡುಗಳ ಈ ಸಂಕಲನವನ್ನು ಸಾಮಾನ್ಯವಾಗಿ ಒಬ್ಬ ಕವಿ-ದೊರೆಯ ಏಕಾಂತ ಸೃಷ್ಟಿಯೆಂದು ಪರಿಗಣಿಸುವುದು ರೂಢಿ.

ಈ ರೂಢಿಯ ನಿಲುವು ಕೃತಿಯ ಒಂದು ಮುಖವನ್ನು ಮಾತ್ರ ಕಾಣಿಸುತ್ತದೆ. ಹಾಡುಗಳ ಅಂಕಿತ ಇಬ್ರಾಹಿಮನದು, ಅದರಲ್ಲಿ ವಿವಾದವಿಲ್ಲ. ಆದರೆ ಹಾಡು ಗ್ರಂಥವಾಗಬೇಕಾದರೆ ಹಾಡುವವರು, ನುಡಿಸುವವರು, ಮುನ್ನುಡಿ ಬರೆಯುವವರು, ಚಿತ್ರಿಸುವವರು ಹಾಗೂ ಪ್ರತಿ ಮಾಡುವ ಲಿಪಿಕಾರರು ಬೇಕು. ಈ ಎಲ್ಲರೂ ಸೇರಿದ ಬಳಗ ಇಬ್ರಾಹಿಮನ ಆಳಿಕೆಯುದ್ದಕ್ಕೂ ಒಂದೇ ಆಗಿರಲಿಲ್ಲ. ಹಳಬರು ಹೋದರು, ಹೊಸಬರು ಬಂದರು, ಬಂದವರಲ್ಲಿ ಕೆಲವರು ಮತ್ತೆ ಹೊರಟುಹೋದರು. ನವರಸದ ಹಾಡುಗಳು ಮೈದಳೆದ ಕಾಲದ ಬಳಗ ಬೇರೆ. 1618ರಲ್ಲಿ ಅದಕ್ಕೆ ಅತ್ಯಂತ ವೈಭವದ ಲಿಖಿತ ರೂಪ ದೊರೆತಾಗ ಅರಸನ ಸುತ್ತ ಇದ್ದ ಬಳಗ ಬೇರೆ. ಈ ಬದಲಾವಣೆಯ ಸ್ವರೂಪವನ್ನೂ ಅದು ಕೃತಿಯ ಮೇಲೆ ಉಂಟುಮಾಡಿದ ಪರಿಣಾಮವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಬಾಲಕ ದೊರೆ ಮತ್ತು ಹಾಡಿನ ಪರಿಸರ

1580ರಲ್ಲಿ ಮೊದಲನೆಯ ಅಲಿ ಆದಿಲ್‌ಶಾಹನು ಕೊಲೆಯಾದಾಗ ಅವನ ಸಹೋದರನ ಮಗನಾದ ಇಬ್ರಾಹಿಮನು ಪಟ್ಟಕ್ಕೆ ಬಂದನು. ಆಗ ಅವನಿನ್ನೂ ಬಾಲಕ. ಮುಂದಿನ ಹತ್ತು ವರ್ಷ ರಾಜ್ಯದ ಅಧಿಕಾರ ಕಾಮಿಲ್ ಖಾನ್, ಕಿಶ್ವರ್ ಖಾನ್, ಇಖ್ಲಾಸ್ ಖಾನ್, ದಿಲಾವರ್ ಖಾನ್ ಮೊದಲಾದ ಸರದಾರರ ಕೈಯಿಂದ ಕೈಗೆ ಹೋಯಿತು. ಅಲಿಯ ವಿಧವೆ ಚಾಂದ್‌ಬೀಬಿ ಬಾಲಕನ ಶಿಕ್ಷಣದ ಹೊಣೆ ಹೊತ್ತಿದ್ದಳು. 1590ರಲ್ಲಿ ದಿಲಾವರ್ ಖಾನನ ಹಿಡಿತವನ್ನು ಕಳಚಿಕೊಂಡ ಮೇಲೆಯೇ ಇಬ್ರಾಹಿಮನು ಸ್ವತಂತ್ರ ಅರಸನಾದನು. ಸಂಗೀತದಲ್ಲಿ ಅವನಿಗಿದ್ದ ಒಲವು ಆಸ್ಥಾನದ ನೀತಿಯಾಗಿ ರೂಪುಗೊಂಡದ್ದು ಈ ಘಟ್ಟದಿಂದ ಮುಂದೆ.

ಈ ಒಲವಿಗೆ ನೆಲದ ಆಧಾರವಿತ್ತು. ಬಿಜಾಪುರದ ಸೀಮೆಯು ಕನ್ನಡ, ಮರಾಠಿ, ದಖನಿ ಭಾಷೆಗಳು ಒಟ್ಟಾಗಿ ಬಾಳುತ್ತಿದ್ದ ಪ್ರದೇಶ. ಮೊದಲನೆಯ ಇಬ್ರಾಹಿಮನ ಕಾಲದಲ್ಲಿಯೇ (1534–1558) ಕಂದಾಯದ ಲೆಕ್ಕಪತ್ರಗಳನ್ನು ಪರ್ಷಿಯನ್ ಬಿಟ್ಟು ದೇಶಭಾಷೆಯಲ್ಲಿ ಇಡುವ ಪದ್ಧತಿ ಆರಂಭವಾಗಿತ್ತು ಎಂದು ಇತಿಹಾಸಕಾರ ಫರಿಶ್ತಾ ತಿಳಿಸುತ್ತಾನೆ. ಕಲಬುರಗಿಯ ಗೇಸೂದರಾಜ್ ಬಂದೇನವಾಜರ ದರ್ಗಾದಿಂದ ಹರಿದುಬಂದ ಸೂಫಿ ಪರಂಪರೆಯು ದಖನಿಯನ್ನು ಭಕ್ತಿಯ ಭಾಷೆಯನ್ನಾಗಿ ಮಾಡಿತ್ತು. ಬಿಜಾಪುರದ ಪಶ್ಚಿಮಕ್ಕಿರುವ ತೊರವಿಯಲ್ಲಿ ಕುಮಾರ ವಾಲ್ಮೀಕಿಯು ಅಲ್ಲಿಯ ನರಸಿಂಹನ ಅಂಕಿತದಲ್ಲಿ ಭಾಮಿನಿ ಷಟ್ಪದಿಯ ರಾಮಾಯಣವನ್ನು ರಚಿಸಿದ್ದನು. ಗಾಯನಯೋಗ್ಯವಾದ ಕಾವ್ಯ, ವಾಚನದ ಸಂಪ್ರದಾಯ, ದೈವದ ಅಂಕಿತ ಇವು ಈ ನೆಲಕ್ಕೆ ಹೊಸವಲ್ಲ. ಇಬ್ರಾಹಿಮನು ಇಂಥ ಪರಿಸರದಲ್ಲಿ ಬೆಳೆದವನು. 1603–04ರಲ್ಲಿ ಅಕ್ಬರನ ರಾಯಭಾರಿಯಾಗಿ ಬಂದ ಅಸದ್ ಬೇಗನ ಬರವಣಿಗೆಯಿಂದ ಅರಸನಿಗೆ ಪರ್ಷಿಯನ್ ತಿಳಿಯುತ್ತಿದ್ದರೂ ಮರಾಠಿಯಲ್ಲಿ ಮಾತನಾಡುವುದೇ ಅವನಿಗೆ ಸಲೀಸಾಗಿತ್ತು ಎಂಬುದು ವ್ಯಕ್ತವಾಗುತ್ತದೆ.

ಹೀಗಾಗಿ ನವರಸದ ಮೊದಲ ಬಳಗವೆಂದರೆ ದೇಶೀಯ ಗವಾಯಿಗಳ ಬಳಗ. ಧ್ರುಪದ ಶೈಲಿಯ ಗಾಯಕರು, ವಾದ್ಯಗಾರರು, ನರ್ತಕಿಯರು ಇದರಲ್ಲಿ ಸೇರಿದ್ದರು. ಇವರಲ್ಲಿ ಬಹುಪಾಲು ಜನರ ಹೆಸರುಗಳು ದರಬಾರಿನ ಗ್ರಂಥಗಳಲ್ಲಿ ದಾಖಲಾಗಿಲ್ಲ. ಅರಸನ ತಂಬೂರಿಗೆ ‘ಮೋತಿ ಖಾನ್’ ಎಂಬ ಹೆಸರಿತ್ತು, ಅವನ ಮೆಚ್ಚಿನ ಆನೆಗೆ ‘ಆತಶ್ ಖಾನ್’ ಎಂಬ ಹೆಸರಿತ್ತು. ಈ ಎರಡು ಹೆಸರುಗಳೂ ಹಾಡುಗಳಲ್ಲಿ ಉಳಿದುಬಂದಿವೆ. ತಂಬೂರಿಯ ಹೆಸರು ಉಳಿದು ಅದರ ಸುತ್ತ ಕುಳಿತು ದನಿಗೂಡಿಸಿದವರ ಹೆಸರು ಅಳಿದದ್ದು ಆಸ್ಥಾನ ಸಾಹಿತ್ಯದ ಸ್ವಭಾವವನ್ನೇ ಸೂಚಿಸುತ್ತದೆ.

3. ಕೃತಿಯ ಸ್ವರೂಪ

ಕಿತಾಬ್-ಎ-ನವರಸವನ್ನು ಹಲವು ಹಸ್ತಪ್ರತಿಗಳ ಆಧಾರದಿಂದ ಶಾಸ್ತ್ರೀಯವಾಗಿ ಸಂಪಾದಿಸಿದವರು ನಜೀರ್ ಅಹಮದ್. ಅವರ ಆವೃತ್ತಿಯು 1956ರಲ್ಲಿ ನವದೆಹಲಿಯ ಭಾರತೀಯ ಕಲಾ ಕೇಂದ್ರದಿಂದ ಪ್ರಕಟವಾಯಿತು. ಆ ಆವೃತ್ತಿಯ ಪ್ರಕಾರ ಕೃತಿಯಲ್ಲಿ 59 ಹಾಡುಗಳೂ 17 ದೋಹೆಗಳೂ ಇವೆ. ಹಾಡುಗಳನ್ನು ರಾಗಗಳ ಅಡಿಯಲ್ಲಿ ವಿಂಗಡಿಸಲಾಗಿದ್ದು, ಭೂಪಾಲಿ, ಭೈರವ, ಅಸಾವರಿ, ತೋಡಿ, ಮಲ್ಹಾರ, ಗೌರಿ, ಕಲ್ಯಾಣ, ಧನಾಶ್ರೀ, ಕೇದಾರ ಮುಂತಾದವು ಕಾಣಿಸುತ್ತವೆ. ಕರ್ನಾಟಕದ ಹೆಸರನ್ನೇ ಹೊತ್ತ ಕಾನಡಾ ರಾಗವೂ ಇವುಗಳಲ್ಲಿದೆ. ಇವುಗಳ ಜೊತೆಗೆ ‘ನವರೋಜ್’ ಎಂಬ ಪರ್ಷಿಯನ್ ಹೆಸರಿನ ರಾಗವೂ ಸೇರಿರುವುದು ಗಮನಾರ್ಹ.

ವಸ್ತುವಿನ ದೃಷ್ಟಿಯಿಂದ ಹಾಡುಗಳು ವೈವಿಧ್ಯಮಯವಾಗಿವೆ. ವಿದ್ಯಾಧಿದೇವತೆಯಾದ ಸರಸ್ವತಿಯ ಸ್ತುತಿ, ಗಣಪತಿಯ ಸ್ಮರಣೆ, ಪ್ರವಾದಿಯವರ ಮತ್ತು ಬಂದೇನವಾಜರ ಗುಣಗಾನ, ಶಿವನ ಭೈರವ ಸ್ವರೂಪದ ವರ್ಣನೆ ಇವು ಒಂದೇ ಕೃತಿಯಲ್ಲಿ ಅಕ್ಕಪಕ್ಕದಲ್ಲಿವೆ. ರಾಣಿ ಚಾಂದ್ ಸುಲ್ತಾನಾ, ಆನೆ ಆತಶ್ ಖಾನ್, ತಂಬೂರಿ ಮೋತಿ ಖಾನ್ ಇವರೂ ಹಾಡಿನ ವಸ್ತುಗಳಾಗಿದ್ದಾರೆ. ಹಲವು ಹಾಡುಗಳಲ್ಲಿ ರಾಗವನ್ನೇ ಒಂದು ಮೂರ್ತಿಯಾಗಿ ಕಲ್ಪಿಸಿ ಅದರ ಬಣ್ಣ, ಉಡುಪು, ವಾಹನ, ಕೈಯಲ್ಲಿ ಹಿಡಿದ ವಸ್ತುಗಳನ್ನು ವರ್ಣಿಸಲಾಗಿದೆ. ಇದು ಸಂಸ್ಕೃತ ಸಂಗೀತಶಾಸ್ತ್ರ ಗ್ರಂಥಗಳ ರಾಗಧ್ಯಾನ ಪದ್ಧತಿಗೆ ಹತ್ತಿರವಾದುದು. ರಾಗಮಾಲಾ ಚಿತ್ರಗಳ ಪರಂಪರೆಯೊಂದಿಗೆ ಈ ಹಾಡುಗಳಿಗಿರುವ ಸಂಬಂಧವನ್ನು ಕಲಾ ಇತಿಹಾಸಕಾರರು ಗುರುತಿಸಿದ್ದಾರೆ.

ಇಬ್ರಾಹಿಮನು ತನ್ನನ್ನು ಸರಸ್ವತಿ ಮತ್ತು ಗಣಪತಿಯರ ಮಗನೆಂದು ಹೇಳಿಕೊಂಡಿರುವುದನ್ನು ಕೆಲವರು ಮತಾಂತರದ ಸೂಚನೆಯೆಂದೂ ಇನ್ನು ಕೆಲವರು ಬರಿಯ ಕಾವ್ಯಾಲಂಕಾರವೆಂದೂ ವ್ಯಾಖ್ಯಾನಿಸಿದ್ದುಂಟು. ಕೃತಿಯ ಒಳಗಿನ ಆಧಾರಗಳನ್ನು ಗಮನಿಸಿದರೆ ಈ ಎರಡೂ ಅತಿಯೆನಿಸುತ್ತವೆ. ಸರಸ್ವತಿ ಇಲ್ಲಿ ಸಂಗೀತವಿದ್ಯೆಯ ಪರಂಪರೆಗೆ ಸೇರಿದವಳು. ಆ ವಿದ್ಯೆಯನ್ನು ಕಲಿಸಿದ ಗುರುಗಳ ಪದ್ಧತಿಯಲ್ಲಿ ಹಾಡಿನ ಆರಂಭಕ್ಕೆ ಅವಳ ಸ್ತುತಿ ಸಹಜವಾಗಿತ್ತು. ಮೊದಲ ಬಳಗದ ದೇಶೀಯ ಗವಾಯಿಗಳ ಗುರುತು ಕೃತಿಯಲ್ಲಿ ಹೆಸರಾಗಿ ಉಳಿಯದಿದ್ದರೂ ಈ ಪದ್ಧತಿಯಾಗಿ ಉಳಿದಿದೆ ಎನ್ನಬಹುದು.

4. ಹೊಸಬರ ಆಗಮನ

ಹದಿನಾರನೆಯ ಶತಮಾನದ ಕೊನೆಯ ದಶಕದಲ್ಲಿ ದಖನಿನ ರಾಜಕೀಯದಲ್ಲಿ ದೊಡ್ಡ ಪಲ್ಲಟವುಂಟಾಯಿತು. 1595ರಲ್ಲಿ ಅಹಮದನಗರದ ಬುರ್ಹಾನ್ ನಿಜಾಮ್‌ಶಾಹನು ತೀರಿಕೊಂಡನು. ಮೊಘಲ್ ಸೈನ್ಯದ ಒತ್ತಡ ಹೆಚ್ಚಿ 1600ರಲ್ಲಿ ಅಹಮದನಗರದ ಕೋಟೆ ಅಕ್ಬರನ ವಶವಾಯಿತು. ಆ ಆಸ್ಥಾನದಲ್ಲಿ ಆಶ್ರಯ ಪಡೆದಿದ್ದ ಕವಿಗಳೂ ವಿದ್ವಾಂಸರೂ ನೆಲೆ ಕಳೆದುಕೊಂಡರು. ಅಹಮದನಗರದ ನಷ್ಟ ಬಿಜಾಪುರಕ್ಕೆ ಲಾಭವಾಗಿ ಪರಿಣಮಿಸಿತು.

ಹೀಗೆ ಬಂದವರಲ್ಲಿ ಪ್ರಮುಖರು ಇಬ್ಬರು ಪರ್ಷಿಯನ್ ಕವಿಗಳು. ಒಬ್ಬನು ಕುಮ್ ನಗರದ ಮಲಿಕ್ ಕುಮಿ. ಇನ್ನೊಬ್ಬನು ಅವನ ಅಳಿಯ, ಖುರಾಸಾನಿನ ತುರ್ಶೀಜಿನಿಂದ ಬಂದ ಜುಹೂರಿ. ಜುಹೂರಿಯು ಅಹಮದನಗರದಲ್ಲಿದ್ದಾಗ ಬುರ್ಹಾನನಿಗೆ ಅರ್ಪಿಸಿದ ‘ಸಾಕಿನಾಮಾ’ದಿಂದ ಆಗಲೇ ಖ್ಯಾತನಾಗಿದ್ದನು. ಇತಿಹಾಸಕಾರ ಫರಿಶ್ತಾ ಇವರಿಗಿಂತ ಮೊದಲೇ, 1589ರಲ್ಲಿ, ಅಹಮದನಗರದಿಂದ ಬಿಜಾಪುರಕ್ಕೆ ಬಂದಿದ್ದನು. ಅವನ ಇತಿಹಾಸ ಗ್ರಂಥಕ್ಕೆ ‘ಗುಲ್ಶನ್-ಎ-ಇಬ್ರಾಹಿಮಿ’ ಎಂಬ ಹೆಸರಿನ ಜೊತೆಗೆ ‘ನವರಸನಾಮಾ’ ಎಂಬ ಹೆಸರೂ ಇದೆ. ದೆಹಲಿಯ ಮೂಲದ ಅಬ್ದುಲ್ ಎಂಬ ಕವಿ 1603ರ ಸುಮಾರಿಗೆ ‘ಇಬ್ರಾಹಿಮ್‌ನಾಮಾ’ ಎಂಬ ಕಾವ್ಯವನ್ನು ರಚಿಸಿದನು. ಹೀಗೆ ಪರ್ಷಿಯನ್, ದಖನಿ ಎರಡೂ ಭಾಷೆಗಳ ಬರಹಗಾರರು ಒಂದೇ ಆಸ್ಥಾನದಲ್ಲಿ ಕೂಡಿದರು.

ಚಿತ್ರಕಲೆಯಲ್ಲಿಯೂ ಇಂಥದೇ ಬೆಳವಣಿಗೆ ನಡೆಯಿತು. ಪರ್ಷಿಯದ ಮೂಲದವನಾಗಿ ಅಕ್ಬರನ ಆಸ್ಥಾನದಲ್ಲಿ ಕೆಲಸ ಮಾಡಿದ್ದ ಫರ್ರುಖ್ ಬೇಗ್ ಎಂಬ ಚಿತ್ರಕಾರನು ಕೆಲಕಾಲ ಮೊಘಲ್ ದಾಖಲೆಗಳಿಂದ ಮರೆಯಾಗುತ್ತಾನೆ. ಬಿಜಾಪುರದ ಫರ್ರುಖ್ ಹುಸೇನ್ ಮತ್ತು ಅವನು ಒಬ್ಬನೇ ಎಂಬ ವಾದವನ್ನು ರಾಬರ್ಟ್ ಸ್ಕೆಲ್ಟನ್ 1957ರಲ್ಲಿ ಮಂಡಿಸಿದರು. ಮುಂದಿನ ಸಂಶೋಧಕರಲ್ಲಿ ಬಹುಮಂದಿ ಅದನ್ನು ಒಪ್ಪಿದ್ದಾರೆ. ವೀಣೆ ಹಿಡಿದು ಸಿಂಹಾಸನದಲ್ಲಿ ಕುಳಿತ ಸರಸ್ವತಿಯ ಚಿತ್ರವೊಂದು ಫರ್ರುಖ್ ಹುಸೇನನ ಸಹಿಯೊಂದಿಗೆ ಜೈಪುರದ ರಾಜಮನೆತನದ ಸಂಗ್ರಹದಲ್ಲಿ ದೊರೆತಿದೆ. ಇದು 1604ರ ಸುಮಾರಿನದೆಂದು ಭಾವಿಸಲಾಗಿದ್ದು, ನವರಸದ ಹಾಡಿನಲ್ಲಿ ಬರುವ ಅರಸನ ದೈವೀ ಮಾತಾಪಿತೃಗಳ ಕಲ್ಪನೆಯನ್ನು ಅದರ ಮೇಲಿನ ಬರಹವೂ ಸೂಚಿಸುತ್ತದೆ. ಇಬ್ರಾಹಿಮನು ತಂಬೂರಿ ನುಡಿಸುತ್ತಿರುವ ಇನ್ನೊಂದು ಚಿತ್ರ ಪ್ರಾಗ್ ನಗರದ ನಾಪ್ರ್‌ಸ್ಟೆಕ್ ವಸ್ತುಸಂಗ್ರಹಾಲಯದಲ್ಲಿದೆ. ಹಾಡು ಚಿತ್ರವಾಗುವ ಕ್ರಿಯೆಗೆ ಇವು ನೇರ ಸಾಕ್ಷಿಗಳು.

ಹೊಸಬರ ಆಗಮನದಿಂದ ಕೃತಿಗೆ ಆದ ಮುಖ್ಯ ಸೇರ್ಪಡೆಯೆಂದರೆ ಜುಹೂರಿ ಬರೆದ ಪರ್ಷಿಯನ್ ಮುನ್ನುಡಿ. ಇದು ಅವನ ‘ಸೇ ನಸ್ರ್’ ಎಂಬ ಮೂರು ಗದ್ಯ ಪ್ರಬಂಧಗಳಲ್ಲಿ ಮೊದಲನೆಯದು. ಉಳಿದೆರಡು ‘ಗುಲ್ಜಾರ್-ಎ-ಇಬ್ರಾಹಿಮ್’ ಮತ್ತು ‘ಖಾನ್-ಎ-ಖಲೀಲ್’. ಈ ಮುನ್ನುಡಿಯಲ್ಲಿ ಜುಹೂರಿಯು ಕೃತಿಯ ಹೆಸರಿಗೆ ಇಮ್ಮಡಿ ಅರ್ಥವನ್ನು ಕಲ್ಪಿಸುತ್ತಾನೆ. ಭಾರತೀಯರಿಗೆ ಅದು ಒಂಬತ್ತು ರಸಗಳ ಸಂಗಮ. ಪರ್ಷಿಯನ್ನರಿಗೆ ಅದೇ ಶಬ್ದ ಹೊಸದಾಗಿ ಮಾಗಿದ ಹಣ್ಣು ಎಂಬ ಅರ್ಥ ಕೊಡುತ್ತದೆ. ಒಂದೇ ಉಚ್ಚಾರಣೆಯಿಂದ ಎರಡು ಲೋಕಗಳನ್ನು ಕೂಡಿಸುವ ಈ ಜಾಣ್ಮೆ ಕೇವಲ ಶಬ್ದಚಮತ್ಕಾರವಲ್ಲ. ದಖನಿ ಹಾಡುಗಳ ಭಾಷೆ ಇರಾನಿನ ಓದುಗನಿಗೆ ಸುಲಭವಾಗಿ ತಿಳಿಯುವಂತಿರಲಿಲ್ಲ. ಆ ಓದುಗನಿಗೆ ಪ್ರವೇಶದ್ವಾರವಾಗಿ ನಿಂತದ್ದು ಜುಹೂರಿಯ ಗದ್ಯ.

ಇದರಿಂದ ಒಂದು ವಿಪರ್ಯಾಸವೂ ಉಂಟಾಯಿತು. ಜುಹೂರಿಯ ಪ್ರಬಂಧಗಳು ಅಲಂಕಾರಿಕ ಪರ್ಷಿಯನ್ ಗದ್ಯದ ಮಾದರಿಗಳೆಂದು ಭಾರತದ ಮದರಸಾಗಳಲ್ಲಿ ಬಹುಕಾಲ ಪಾಠವಾದವು. ಮೂಲ ಹಾಡುಗಳು ಕೆಲವೇ ಹಸ್ತಪ್ರತಿಗಳಲ್ಲಿ ಅಡಗಿ ಕುಳಿತಾಗ ಅವುಗಳ ಮುನ್ನುಡಿ ಮಾತ್ರ ದೂರದೂರಕ್ಕೆ ಸಂಚರಿಸಿತು. ಕೃತಿಯ ಕೀರ್ತಿಯನ್ನು ಹೊಸ ಬಳಗ ಹರಡಿತು. ಅದೇ ವೇಳೆಗೆ ಕೃತಿಯನ್ನು ಹಾಡಿನಿಂದ ಗ್ರಂಥದ ಕಡೆಗೆ ವಾಲಿಸಿತು.

5. ನವರಸಪುರ: ಬಳಗಕ್ಕೊಂದು ನಗರ

ಇಬ್ರಾಹಿಮನ ಸಂಗೀತಾಸಕ್ತಿಯ ಅತ್ಯಂತ ಮೂರ್ತವಾದ ಅಭಿವ್ಯಕ್ತಿ ನವರಸಪುರ. ಬಿಜಾಪುರದ ಕೋಟೆಯಿಂದ ಪಶ್ಚಿಮಕ್ಕೆ, ಈಗಿನ ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ದಾರಿಯ ಮಗ್ಗುಲಲ್ಲಿ, ತೊರವಿಯ ಬಳಿ 1599ರಲ್ಲಿ ಈ ನಗರದ ನಿರ್ಮಾಣ ಆರಂಭವಾಯಿತು. ಮೇಲ್ವಿಚಾರಣೆಯನ್ನು ನವಾಬ್ ಶಹನವಾಜ್ ಖಾನನಿಗೆ ವಹಿಸಲಾಗಿತ್ತು. ಸರದಾರರು ಅಲ್ಲಿ ತಮ್ಮ ತಮ್ಮ ಮನೆಗಳನ್ನು ಕಟ್ಟಿಸಬೇಕೆಂದು ಆಜ್ಞೆಯಾಯಿತು. ‘ನವರಸ’ ಎಂಬ ಶಬ್ದ ನಗರಕ್ಕೆ, ಅರಮನೆಗೆ, ಹಬ್ಬಕ್ಕೆ, ಮುದ್ರೆಗೆ ಹೀಗೆ ಎಲ್ಲೆಡೆ ಬಳಕೆಯಾದುದು ಈ ಕಾಲದಲ್ಲಿ. ‘ಈದ್-ಎ-ನವರಸ’ ಎಂಬ ಸಂಗೀತೋತ್ಸವವನ್ನೂ ಇಲ್ಲಿ ಆಚರಿಸಲಾಗುತ್ತಿತ್ತು.

ಆಸ್ಥಾನದ ಸಂಗೀತಗಾರರನ್ನು ಮೂರು ವರ್ಗಗಳಾಗಿ ವಿಂಗಡಿಸಲಾಗಿತ್ತೆಂದು ತಿಳಿದುಬರುತ್ತದೆ. ಅರಸನ ಸನ್ನಿಧಿಯಲ್ಲಿ ಹಾಡುವವರು ಹುಜೂರಿ, ದರಬಾರಿನಲ್ಲಿ ಹಾಡುವವರು ದರಬಾರಿ, ನಗರದಲ್ಲಿ ಹಾಡುವವರು ಶಹರಿ. ಈ ವಿಂಗಡಣೆಯ ಮಹತ್ತ್ವವನ್ನು ಗಮನಿಸಬೇಕು. ಸಂಗೀತವು ಅರಮನೆಯ ಒಳಕೋಣೆಗೆ ಮೀಸಲಾಗದೆ ಮೂರು ವಲಯಗಳಲ್ಲಿ ಹರಡಿಕೊಂಡಿತ್ತು. ಹಾಡೊಂದು ಹುಜೂರಿ ಗಾಯಕನಿಂದ ಶಹರಿ ಗಾಯಕನಿಗೆ ದಾಟುವ ಅವಕಾಶವನ್ನು ಈ ವ್ಯವಸ್ಥೆಯೇ ಕಲ್ಪಿಸಿತ್ತು. ನವರಸಪುರವು ಇಂಥ ದಾಟುವಿಕೆಗೆ ನೆಲೆಯಾದ ಊರು.

ಅಸದ್ ಬೇಗನು ಬಿಜಾಪುರಕ್ಕೆ ಬಂದಾಗ ಈ ಸಂಭ್ರಮ ತುಂಬಿ ತುಳುಕುತ್ತಿತ್ತು. ಸಂಗೀತ ಕೇಳುವುದರಲ್ಲಿ ಮುಳುಗಿದ್ದ ಅರಸನಿಂದ ರಾಯಭಾರದ ಮಾತಿಗೆ ಉತ್ತರ ಪಡೆಯುವುದು ಅವನಿಗೆ ಕಷ್ಟವಾಯಿತು. ಇಬ್ರಾಹಿಮನು ರಾಯಭಾರಿಯನ್ನು ವಿಚಾರಿಸಿದ ಸಂಗತಿಗಳಲ್ಲಿ ಒಂದು ತಾನಸೇನನನ್ನು ಕುರಿತದ್ದು: ಅಕ್ಬರನ ಮುಂದೆ ಅವನು ನಿಂತು ಹಾಡುತ್ತಿದ್ದನೋ ಕುಳಿತು ಹಾಡುತ್ತಿದ್ದನೋ ಎಂದು ಅರಸನು ಕೇಳಿದನಂತೆ. ಈ ಪ್ರಶ್ನೆ ಕ್ಷುಲ್ಲಕವಲ್ಲ. ದರಬಾರಿನಲ್ಲಿ ಕಲಾವಿದನ ಸ್ಥಾನವೇನು, ಅವನಿಗೆ ಆಸನದ ಗೌರವ ಸಲ್ಲಬೇಕೆ ಎಂಬ ವಿಚಾರ ಇದರ ಹಿಂದಿದೆ. ಸ್ವತಃ ತಂಬೂರಿ ಹಿಡಿದು ಕುಳಿತುಕೊಳ್ಳುತ್ತಿದ್ದ ಅರಸನಿಗೆ ತನ್ನ ಗವಾಯಿಗಳನ್ನು ಎಲ್ಲಿ ಕುಳ್ಳಿರಿಸಬೇಕೆಂಬ ಚಿಂತೆ ಇದ್ದಿರುವುದು ಸಹಜ.

6. ಚದುರಿದ ಬಳಗ ಮತ್ತು 1618ರ ಪ್ರತಿ

1600ರ ಆಸುಪಾಸಿನಲ್ಲಿ ನೆರೆದಿದ್ದ ಈ ಅಪೂರ್ವ ಬಳಗ ಎರಡು ದಶಕಗಳ ಕಾಲ ಅಖಂಡವಾಗಿ ಉಳಿಯಲಿಲ್ಲ. ಫರ್ರುಖ್ ಬೇಗನು 1609ರಲ್ಲಿ ಜಹಾಂಗೀರನ ಆಸ್ಥಾನದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾನೆ. ಆ ವರ್ಷ ಅವನಿಗೆ ಎರಡು ಸಾವಿರ ರೂಪಾಯಿ ಬಹುಮಾನ ಕೊಟ್ಟುದನ್ನು ಜಹಾಂಗೀರನು ತನ್ನ ಆತ್ಮಕಥನದಲ್ಲಿ ನಮೂದಿಸಿದ್ದಾನೆ. ಪ್ರಾಗ್‌ನಲ್ಲಿರುವ ಇಬ್ರಾಹಿಮನ ಚಿತ್ರವೂ ಮೊಘಲ್ ಆಲ್ಬಮ್ ಒಂದರ ಹಾಳೆಗೆ ಅಂಟಿಸಿದ ರೂಪದಲ್ಲಿಯೇ ಉಳಿದುಬಂದಿದೆ. ಚಿತ್ರಕಾರನೊಂದಿಗೆ ಬಿಜಾಪುರದ ಸಂಗೀತದ ನೆನಪೂ ಉತ್ತರಕ್ಕೆ ಹೋಯಿತು ಎನ್ನಬಹುದು.

ಗಾಯಕರಲ್ಲಿ ಹೆಸರು ಉಳಿದವನು ಬಖ್ತರ್ ಖಾನ್ ಕಲಾವಂತ. ಧ್ರುಪದದಲ್ಲಿ ಇಬ್ರಾಹಿಮನಿಗೆ ಗುರುಸ್ಥಾನದಲ್ಲಿದ್ದ ಈತನಿಗೆ ಅರಸನು ತನ್ನ ಸಂಬಂಧಿಯನ್ನು ಕೊಟ್ಟು ಮದುವೆ ಮಾಡಿದ್ದನು. ಇವನು ಫಕೀರನ ವೇಷದಲ್ಲಿ ಜಹಾಂಗೀರನ ಬಳಿಗೆ ಬಂದು ಅಲ್ಲಿ ಮನ್ನಣೆ ಪಡೆದನೆಂದು ಅದೇ ಆತ್ಮಕಥನದಿಂದ ತಿಳಿಯುತ್ತದೆ. ಆದಿಲ್ ಖಾನನು ಧ್ರುಪದದ ರೀತಿಯಲ್ಲಿ ಕಟ್ಟಿದ ಹಾಡುಗಳಿಗೆ ‘ನವರಸ’ ಎಂದು ಹೆಸರಿಟ್ಟಿದ್ದಾನೆ ಎಂಬ ಸಂಗತಿಯನ್ನು ಮೊಘಲ್ ಚಕ್ರವರ್ತಿ ಈ ಪ್ರಸಂಗದಲ್ಲಿಯೇ ದಾಖಲಿಸಿದನು. ಈ ಒಂದು ದಾಖಲೆ ಮೂರು ಕಾರಣಗಳಿಂದ ಮೌಲಿಕವಾದುದು. ಹಾಡುಗಳು ಓದಲಿಕ್ಕಲ್ಲದೆ ಹಾಡಲಿಕ್ಕಾಗಿಯೇ ಇದ್ದವು ಎಂಬುದು ಇದರಿಂದ ಖಚಿತವಾಗುತ್ತದೆ. ಅವುಗಳ ಶೈಲಿ ಧ್ರುಪದದ್ದೆಂಬುದು ಸ್ಪಷ್ಟವಾಗುತ್ತದೆ. ಕೃತಿಯ ಪ್ರಸಾರವು ಗ್ರಂಥದ ಪ್ರತಿಗಿಂತ ಗಾಯಕನ ಕಂಠವನ್ನು ಅವಲಂಬಿಸಿತ್ತು ಎಂಬುದೂ ವೇದ್ಯವಾಗುತ್ತದೆ. ಅಂಥ ಕಂಠವೇ ಬಿಜಾಪುರವನ್ನು ತೊರೆದಿತ್ತು.

1616ರ ಸುಮಾರಿಗೆ ಮಲಿಕ್ ಕುಮಿ ಮತ್ತು ಜುಹೂರಿ ಇಬ್ಬರೂ ಮರಣ ಹೊಂದಿದರು. ಮುನ್ನುಡಿ ಬರೆದವನಿಲ್ಲ, ಚಿತ್ರ ಬರೆದವನಿಲ್ಲ, ಧ್ರುಪದ ಕಲಿಸಿದವನಿಲ್ಲ ಎಂಬ ಸ್ಥಿತಿಯಲ್ಲಿ ಇಬ್ರಾಹಿಮನ ಸುತ್ತ ಮತ್ತೊಂದು ಬಳಗ ರೂಪುಗೊಂಡಿತು. ಅದರ ಪ್ರಮುಖ ವ್ಯಕ್ತಿ ಇರಾನಿನ ಶಾಹ್ ಅಬ್ಬಾಸನ ಮೆಚ್ಚುಗೆಗೆ ಪಾತ್ರನಾಗಿದ್ದ ಲಿಪಿಕಾರ ಖಲೀಲುಲ್ಲಾ. ಅವನು ನವರಸವನ್ನು ಸುಂದರವಾದ ಅಕ್ಷರಗಳಲ್ಲಿ ಪ್ರತಿ ಮಾಡಿ ಹಿಜರಿ 1027ರಲ್ಲಿ, ಎಂದರೆ ಕ್ರಿ.ಶ. 1618ರ ಸುಮಾರಿಗೆ, ಅರಸನಿಗೆ ಅರ್ಪಿಸಿದನು. ಸಂತುಷ್ಟನಾದ ಇಬ್ರಾಹಿಮನು ಅವನಿಗೆ ‘ಪಾದಶಾಹ್-ಎ-ಕಲಮ್’, ಎಂದರೆ ಲೇಖನಿಯ ದೊರೆ, ಎಂಬ ಬಿರುದನ್ನಿತ್ತು ಗೌರವಿಸಿದನು. ಅಬ್ದುಲ್ ಲತೀಫ್ ಮತ್ತು ಅಬ್ದುಲ್ ರಶೀದ್ ಎಂಬ ಲಿಪಿಕಾರರೂ ಈ ಕೃತಿಯನ್ನು ಪ್ರತಿ ಮಾಡಿದವರಲ್ಲಿ ಸೇರಿದ್ದಾರೆ. ಉಪಲಬ್ಧ ಹಸ್ತಪ್ರತಿಗಳಲ್ಲಿ ಹಾಡುಗಳ ಸಂಖ್ಯೆ ಮತ್ತು ಅನುಕ್ರಮ ಒಂದೇ ತೆರನಾಗಿಲ್ಲ. ಕೃತಿಯು ಒಮ್ಮೆಗೇ ಮುಗಿದ ರಚನೆಯಾಗಿರದೆ ಕಾಲಕಾಲಕ್ಕೆ ಬೆಳೆದು ಪರಿಷ್ಕಾರ ಹೊಂದಿತೆಂಬುದಕ್ಕೆ ಈ ವ್ಯತ್ಯಾಸಗಳೇ ಸಾಕ್ಷಿ.

ಖಲೀಲುಲ್ಲಾನ ಪ್ರತಿಯ ಮಹತ್ತ್ವವನ್ನು ಎರಡು ಬಗೆಯಾಗಿ ಅಳೆಯಬೇಕು. ಒಂದು ದೃಷ್ಟಿಯಿಂದ ಅದು ಕೃತಿಯ ಪರಾಕಾಷ್ಠೆ. ದಖನಿಯಂತಹ ದೇಶಭಾಷೆಯ ಹಾಡುಗಳನ್ನು ಇರಾನಿನ ಶ್ರೇಷ್ಠ ಲಿಪಿಕಾರನೊಬ್ಬನು ತನ್ನ ಕಲೆಗೆ ತಕ್ಕ ವಸ್ತುವೆಂದು ಸ್ವೀಕರಿಸಿದನು. ಅದುವರೆಗೆ ಪರ್ಷಿಯನ್ ಕಾವ್ಯಗಳಿಗೆ ಸಲ್ಲುತ್ತಿದ್ದ ಮರ್ಯಾದೆ ಬಿಜಾಪುರದ ಗವಾಯಿಗಳ ಭಾಷೆಗೂ ಸಂದಿತು. ಇನ್ನೊಂದು ದೃಷ್ಟಿಯಿಂದ ನೋಡಿದರೆ, ಹಾಡಿನ ಕೊನೆಯ ವೈಭವದ ರೂಪವು ಲಿಪಿಕಾರನ ಕೈಯಿಂದ ಬಂತು, ಗಾಯಕನ ಕಂಠದಿಂದ ಬರಲಿಲ್ಲ. ದೇಶೀಯ ಗವಾಯಿಗಳ ಮೊದಲ ಬಳಗ ನವರಸವನ್ನು ಹಾಡಿತು. ಕವಿ-ಚಿತ್ರಕಾರರ ಎರಡನೆಯ ಬಳಗ ಅದನ್ನು ವ್ಯಾಖ್ಯಾನಿಸಿತು, ಚಿತ್ರಿಸಿತು. ಮೂರನೆಯ ಬಳಗ ಅದನ್ನು ಸುಂದರವಾಗಿ ಬರೆದು ಕಾಪಿಟ್ಟಿತು. ಪ್ರತಿ ಹಂತದಲ್ಲಿಯೂ ಕೃತಿಯ ಘನತೆ ಹೆಚ್ಚುತ್ತ ಹೋಯಿತು; ಪ್ರತಿ ಹಂತದಲ್ಲಿಯೂ ಅದು ನಾದದಿಂದ ಒಂದು ಹೆಜ್ಜೆ ದೂರ ಸರಿಯಿತು.

7. ನವರಸಪುರದ ನಾಶ ಮತ್ತು ಅನಂತರದ ಸ್ಥಿತಿ

1624ರಲ್ಲಿ ಅಹಮದನಗರದ ಮಲಿಕ್ ಅಂಬರನು ಭಾತವಡಿಯ ಕಾಳಗದಲ್ಲಿ ಬಿಜಾಪುರ ಮತ್ತು ಮೊಘಲರ ಕೂಡುಪಡೆಗಳನ್ನು ಸೋಲಿಸಿದನು. ಅದರ ಬೆನ್ನಿಗೆ ಬಿಜಾಪುರದತ್ತ ಧಾವಿಸಿ, ಕೋಟೆಯ ಹೊರಗೆ ರಕ್ಷಣೆಯಿಲ್ಲದೆ ನಿಂತಿದ್ದ ನವರಸಪುರವನ್ನು ಲೂಟಿ ಮಾಡಿ ಹಾಳುಗೆಡವಿದನು. ನಗರದ ಸುತ್ತಲಿನ ಗೋಡೆ ಆಗ ಇನ್ನೂ ಪೂರ್ಣಗೊಂಡಿರಲಿಲ್ಲ. ಕಾಲು ಶತಮಾನವಷ್ಟೇ ಬಾಳಿದ ಸಂಗೀತದ ನಗರ ಮತ್ತೆ ತಲೆಯೆತ್ತಲಿಲ್ಲ. ಮೂರು ವರ್ಷಗಳ ತರುವಾಯ, 1627ರಲ್ಲಿ, ಇಬ್ರಾಹಿಮನು ತೀರಿಕೊಂಡು ಇಬ್ರಾಹಿಂ ರೋಜಾದಲ್ಲಿ ಸಮಾಧಿಸ್ಥನಾದನು.

ಅವನ ಮಗ ಮುಹಮ್ಮದ್ ಆದಿಲ್‌ಶಾಹನ ಕಾಲದ (1627–1656) ಮುಖ್ಯ ಸಾಧನೆ ಗೋಲ್ ಗುಂಬಜ್. ಎರಡನೆಯ ಅಲಿಯ ಆಸ್ಥಾನದಲ್ಲಿ (1656–1672) ನುಸ್ರತಿಯಂಥ ಮಹಾಕವಿ ದಖನಿ ಕಾವ್ಯವನ್ನು ಎತ್ತರಕ್ಕೆ ಒಯ್ದನು. ದಖನಿ ಸಾಹಿತ್ಯದ ಧಾರೆ ಹೀಗೆ ಮುಂದುವರಿದರೂ ನವರಸದ ಹಾಡುಗಳ ಗಾಯನ ಪರಂಪರೆಗೆ ಆಸ್ಥಾನದ ನೆಲೆ ತಪ್ಪಿತ್ತು. 1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಗೆದ್ದುಕೊಂಡಾಗ ಆ ನೆಲೆ ಶಾಶ್ವತವಾಗಿ ಇಲ್ಲವಾಯಿತು. 1853ರಲ್ಲಿ ಅಸರ್ ಮಹಲಿನ ಗ್ರಂಥಭಂಡಾರದಲ್ಲಿ ಉಳಿದಿದ್ದ ಹಸ್ತಪ್ರತಿಗಳು ಲಂಡನ್ನಿಗೆ ಸಾಗಿಹೋದವು. ನವರಸದ ಪ್ರತಿಗಳು ಮತ್ತು ಬಿಡಿ ಹಾಳೆಗಳು ಹೈದರಾಬಾದು, ದೆಹಲಿ ಮುಂತಾದ ಕಡೆಯ ಸಂಗ್ರಹಗಳಲ್ಲಿ ಹಂಚಿಹೋಗಿವೆ.

ಹಸ್ತಪ್ರತಿಗಳಲ್ಲಿ ರಾಗದ ಹೆಸರುಗಳಿವೆ, ಸ್ವರಲಿಪಿಯಿಲ್ಲ. ಆ ಕಾಲದ ಸಂಗೀತಕ್ಕೆ ಅದರ ಅಗತ್ಯ ತೋರಿರಲಿಲ್ಲ. ಸ್ವರವನ್ನು ಹೊತ್ತವರು ಶಿಷ್ಯರು. ಶಿಷ್ಯಪರಂಪರೆ ಕಡಿದುಹೋದಾಗ ಗ್ರಂಥ ಉಳಿದೂ ಹಾಡು ಅಳಿಯಿತು. ಇದೇ ಸೀಮೆಯ ಇನ್ನೊಂದು ಪರಂಪರೆಯೊಂದಿಗೆ ಇದನ್ನು ಹೋಲಿಸಿ ನೋಡಬಹುದು. ತಿಕೋಟಾ, ಬಬಲೇಶ್ವರ ಭಾಗವೂ ಸೇರಿದಂತೆ ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಮೊಹರಂ ಹಬ್ಬದ ಸಮಯಕ್ಕೆ ರಿವಾಯತ್ ಪದಗಳನ್ನು ಕನ್ನಡದಲ್ಲಿ ಹಾಡುವ ಮೇಳಗಳಿವೆ. ಹಿಂದೂ ಮುಸ್ಲಿಮರಿಬ್ಬರೂ ಈ ಮೇಳಗಳಲ್ಲಿ ದನಿಗೂಡಿಸುತ್ತಾರೆ. ಈ ಪದಗಳಿಗೆ ರಾಜಾಶ್ರಯವಿರಲಿಲ್ಲ, ಬಂಗಾರದ ಅಂಚಿನ ಪ್ರತಿಗಳಿರಲಿಲ್ಲ. ಆದರೂ ಹಿರಿಯರು ಹಾಡಿದ್ದನ್ನು ಕಿರಿಯರು ಕಲಿತು ಮುಂದುವರಿಸಿದ ಕಾರಣ ಅವು ಕಂಠದಲ್ಲಿ ಉಳಿದವು. ಇವೆರಡಕ್ಕೂ ನೇರ ಸಂಬಂಧ ಕಲ್ಪಿಸುವುದು ಇಲ್ಲಿಯ ಉದ್ದೇಶವಲ್ಲ. ಹಾಡಿನ ಆಯುಷ್ಯವನ್ನು ನಿರ್ಧರಿಸುವುದು ಮೇಳದ ಅವಿಚ್ಛಿನ್ನತೆಯೇ ಹೊರತು ಗ್ರಂಥದ ಸೊಬಗಲ್ಲ ಎಂಬ ತತ್ತ್ವವನ್ನು ಈ ಹೋಲಿಕೆ ಮನಗಾಣಿಸುತ್ತದೆ.

ನವರಸಪುರದ ಅವಶೇಷಗಳಲ್ಲಿ ಮುಖ್ಯವಾದವು ಸಂಗೀತ ಮಹಲ್ ಮತ್ತು ನಾರಿ ಮಹಲ್. ಬಿಜಾಪುರದ ವಾಸ್ತುವನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ ಹೆನ್ರಿ ಕಸಿನ್ಸ್ ಅವರ ಗ್ರಂಥ 1916ರಲ್ಲಿ ಪ್ರಕಟವಾಯಿತು. ಸಂಗೀತ ಮಹಲಿನ ವಿನ್ಯಾಸವು ಬಿಜಾಪುರ ಕೋಟೆಯೊಳಗಿನ ಗಗನ ಮಹಲನ್ನು ಹೋಲುತ್ತದೆ. ಮುಂಭಾಗದ ದೊಡ್ಡ ಕಮಾನು ಎದುರಿನ ಬಯಲಿಗೆ ತೆರೆದುಕೊಂಡಿರುವ ರೀತಿಯನ್ನು ಗಮನಿಸಿದರೆ, ಒಳಗೆ ಕುಳಿತವರಿಗೂ ಹೊರಗೆ ನೆರೆದವರಿಗೂ ಒಟ್ಟಿಗೆ ಕೇಳಿಸುವಂತೆ ಸಂಗೀತ ಸಭೆಗಳನ್ನು ನಡೆಸಲು ಈ ರಚನೆ ಅನುಕೂಲವಾಗಿತ್ತೆಂದು ಊಹಿಸಬಹುದು. ರಾಜ್ಯ ಸರ್ಕಾರವು ಏರ್ಪಡಿಸಿದ ನವರಸಪುರ ಉತ್ಸವಗಳು ಈ ಹೆಸರನ್ನು ಜನಮನದಲ್ಲಿ ಮತ್ತೆ ನೆಲೆಗೊಳಿಸಿದವು.

8. ಉಪಸಂಹಾರ

ಕಿತಾಬ್-ಎ-ನವರಸವನ್ನು ಕುರಿತ ಈವರೆಗಿನ ಅಧ್ಯಯನಗಳಲ್ಲಿ ನಜೀರ್ ಅಹಮದರ ಸಂಪಾದನೆ, ಸೂಫಿಗಳ ಸಾಮಾಜಿಕ ಪಾತ್ರವನ್ನು ಕುರಿತ ರಿಚರ್ಡ್ ಈಟನ್ನರ ಸಂಶೋಧನೆ, ಬಿಜಾಪುರದ ಆಸ್ಥಾನ ಕಲೆಯನ್ನು ಕುರಿತ ಡೆಬೊರಾ ಹಟನ್ನರ ಗ್ರಂಥ ಇವು ಅಡಿಗಲ್ಲುಗಳಾಗಿವೆ. ವಿಜಯಪುರದ ಡಾ. ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರವು ಕೈಗೊಂಡ ಆದಿಲ್‌ಶಾಹಿ ಸಾಹಿತ್ಯದ ಅನುವಾದ ಕಾರ್ಯದಿಂದ ಪರ್ಷಿಯನ್ ಮತ್ತು ದಖನಿ ಆಕರಗಳು ಕನ್ನಡದ ಸಂಶೋಧಕರಿಗೆ ಕೈಗೆಟುಕುವಂತಾಗಿವೆ. ಈ ಸಾಮಗ್ರಿಯನ್ನು ಒಟ್ಟಾಗಿ ಇಟ್ಟು ನೋಡಿದಾಗ ಕೃತಿಯ ಕರ್ತೃತ್ವದ ಪ್ರಶ್ನೆಯನ್ನು ಹೊಸದಾಗಿ ಕೇಳಬೇಕಾಗುತ್ತದೆ.

ಹಾಡುಗಳ ಅಂಕಿತಕಾರ ಇಬ್ರಾಹಿಮನೇ ಹೌದು. ಆದರೆ ನವರಸವೆಂಬ ಸಮಗ್ರ ಕೃತಿಯು ದೇಶೀಯ ಗವಾಯಿಗಳಿಂದ ಖಲೀಲುಲ್ಲಾನವರೆಗೆ ಹಲವರ ಕೈಗಳಿಂದ ರೂಪುಗೊಂಡಿತು. ಅದರ ಜೀವಂತಿಕೆಗೆ ಕಾರಣವಾದದ್ದು ಬಳಗದ ಬದಲಾವಣೆಯೇ. ಹೊಸಬರು ಬರದಿದ್ದರೆ ಜುಹೂರಿಯ ಮುನ್ನುಡಿ, ಫರ್ರುಖನ ಸರಸ್ವತಿ, ಖಲೀಲುಲ್ಲಾನ ಅಕ್ಷರ ಯಾವುವೂ ಇರುತ್ತಿರಲಿಲ್ಲ. ಅದರ ಮೌನಕ್ಕೂ ಬಳಗವೇ ಕಾರಣ. ಹೊರಟುಹೋದ ಗಾಯಕನ ಜಾಗದಲ್ಲಿ ಲಿಪಿಕಾರನನ್ನು ಕೂರಿಸಬಹುದಾಗಿತ್ತು; ಗಾಯಕನ ಕೆಲಸವನ್ನು ಅವನಿಂದ ಮಾಡಿಸುವುದು ಸಾಧ್ಯವಿರಲಿಲ್ಲ.

ಆದ್ದರಿಂದ ಮುಂದಿನ ಅಧ್ಯಯನವು ಮೂರು ದಿಕ್ಕುಗಳಲ್ಲಿ ಸಾಗುವುದು ಅಪೇಕ್ಷಣೀಯ. ಮೊದಲನೆಯದಾಗಿ, ಹಸ್ತಪ್ರತಿಗಳ ಪಾಠಾಂತರಗಳನ್ನು ಕೃತಿಯ ಬೆಳವಣಿಗೆಯ ಹಂತಗಳೆಂದು ಗ್ರಹಿಸಿ ಪರಿಶೀಲಿಸಬೇಕು. ಎರಡನೆಯದಾಗಿ, ಹಾಡುಗಳ ಬಂಧವನ್ನು ಉತ್ತರದ ಧ್ರುಪದ ಪರಂಪರೆಯೊಂದಿಗೂ ಅದೇ ಕಾಲದ ಕನ್ನಡ ಹರಿದಾಸರ ಪದಗಳ ರಚನೆಯೊಂದಿಗೂ ಹೋಲಿಸಿ ನೋಡಬೇಕು. ಮೂರನೆಯದಾಗಿ, ಹೆಸರಿಲ್ಲದೆ ಹೋದ ಹುಜೂರಿ, ದರಬಾರಿ, ಶಹರಿ ಗಾಯಕರ ಚರಿತ್ರೆಯನ್ನು ದರಬಾರಿನ ಬರವಣಿಗೆಯ ಅಂಚುಗಳಿಂದ ಹೆಕ್ಕಿ ತೆಗೆಯಬೇಕು. ತೊರವಿಯ ಬಳಿ ಇಂದಿಗೂ ನಿಂತಿರುವ ಕಮಾನು ಅರಸನೊಬ್ಬನ ಸ್ಮಾರಕವಷ್ಟೇ ಅಲ್ಲ. ಅದರ ಕೆಳಗೆ ಕುಳಿತು ಹಾಡಿದ, ಹೆಸರು ಉಳಿಯದ ಸಂಗೀತಗಾರರ ಸ್ಮಾರಕವೂ ಅದೇ. ಅವರ ಪಾಲನ್ನು ಗುರುತಿಸಿದಾಗಲೇ ನವರಸದ ಇತಿಹಾಸ ಪೂರ್ಣವಾದೀತು.